ಧೂಮಕೇತು ಭೂಮಿಗೆ ಬಡಿದರೆ ಏನಾಗುತ್ತದೆ? ಫಾರ್ವರ್ಡ್ ಮಾಡುವ ಮುನ್ನ ಇಷ್ಟು ತಿಳಿದಿರಿ

"ದೊಡ್ಡ ಧೂಮಕೇತು ಭೂಮಿಯತ್ತ ಬರುತ್ತಿದೆ, ನಾಸಾ ವಿಷಯ ಮುಚ್ಚಿಟ್ಟಿದೆ, ಎಲ್ಲ ಗ್ರೂಪುಗಳಿಗೂ ಕಳಿಸಿ." ಇಂಥದ್ದೊಂದು ಸಂದೇಶ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತದೆ. ಕೊರವಂಗಲದ ನಮ್ಮ ಸಂಬಂಧಿಕರ ವಾಟ್ಸ್‌ಆ್ಯಪ್ ಗ್ರೂಪಿಗೆ ಇದು ಬಂದಾಗ ದೊಡ್ಡವರು ಕೈಮುಗಿಯುವ ಎಮೋಜಿ ಹಾಕಿ ಸುಮ್ಮನಾದರು. ಐದನೇ ತರಗತಿಯ ಹುಡುಗನೊಬ್ಬ ಮಾತ್ರ ಅಮ್ಮನ ಫೋನಿನಿಂದ ವಾಯ್ಸ್ ಮೆಸೇಜ್ ಕಳಿಸಿದ: "ನಾವೆಲ್ಲ ಸತ್ತು ಹೋಗ್ತೀವಾ?" ಎರಡು ರಾತ್ರಿ ಅವನಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

"ಇಲ್ಲ ಕಣೋ, ಎಲ್ಲ ಸುಳ್ಳು" ಎಂದು ಹೇಳಿಬಿಡಬಹುದು. ಆದರೆ ಅದು ಅರ್ಧ ಉತ್ತರ. ಧೂಮಕೇತುಗಳು ಗ್ರಹಗಳಿಗೆ ಬಡಿಯುವುದು ನಿಜ, ನಮ್ಮ ಕಾಲದಲ್ಲೇ ಅದನ್ನು ಜಗತ್ತು ನೋಡಿದೆ. ಹಾಗಾದರೆ ಭೂಮಿಗೆ ಬಡಿದರೆ ಏನಾಗುತ್ತದೆ? ಅದರ ಸಾಧ್ಯತೆ ಎಷ್ಟು? ಬಂದರೆ ನಮಗೆ ಮೊದಲೇ ತಿಳಿಯುತ್ತದೆಯೇ? ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

- ಪರಿಣಾಮ ಎಷ್ಟು ಎಂಬುದು ಮುಖ್ಯವಾಗಿ ಗಾತ್ರ ಮತ್ತು ವೇಗವನ್ನು ಅವಲಂಬಿಸಿದೆ. 20 ಮೀಟರ್‌ನ ಕಲ್ಲು ಒಂದು ಊರಿನ ಕಿಟಕಿ ಗಾಜು ಒಡೆಯಬಹುದು. 10 ಕಿ.ಮೀ. ಗಾತ್ರದ್ದು ಇಡೀ ಭೂಮಿಯ ಜೀವಜಾಲವನ್ನೇ ಬದಲಿಸಬಹುದು.
- ಗಾತ್ರ ದೊಡ್ಡದಾದಷ್ಟೂ ಘಟನೆ ಅಪರೂಪ.
- ಭೂಮಿಗೆ ಬಡಿಯಲಿದೆ ಎಂದು ಖಚಿತವಾಗಿರುವ ಯಾವ ಧೂಮಕೇತುವೂ ಇಂದು ವಿಜ್ಞಾನಿಗಳ ಪಟ್ಟಿಯಲ್ಲಿ ಇಲ್ಲ.
- ಅಪಾಯದ ಲೆಕ್ಕಗಳನ್ನು ಮುಚ್ಚಿಡುವುದಿಲ್ಲ. ಶೇ 3ರಷ್ಟು ಸಾಧ್ಯತೆ ಇದ್ದಾಗಲೂ ಬಹಿರಂಗವಾಗಿ ಪ್ರಕಟಿಸಿದ್ದಾರೆ.

ಧೂಮಕೇತು, ಕ್ಷುದ್ರಗ್ರಹ, ಉಲ್ಕೆ: ವ್ಯತ್ಯಾಸವೇನು?

ಫಾರ್ವರ್ಡ್‌ಗಳಲ್ಲಿ ಈ ಮೂರೂ ಪದಗಳನ್ನು ಒಂದಕ್ಕೊಂದು ಬೆರೆಸಿ ಬರೆದಿರುತ್ತಾರೆ. ಮೊದಲು ಇದನ್ನು ಬಿಡಿಸಿಕೊಳ್ಳೋಣ.

ಧೂಮಕೇತು ಎಂದರೆ ಮಂಜುಗಡ್ಡೆ, ದೂಳು, ಕಲ್ಲು ಸೇರಿದ ಗಟ್ಟಿ. ಸೂರ್ಯನ ಹತ್ತಿರ ಬಂದಾಗ ಅದರ ಮಂಜು ಆವಿಯಾಗಿ ಬಾಲ ಮೂಡುತ್ತದೆ. ಬಾಲ ಲಕ್ಷಾಂತರ ಕಿ.ಮೀ. ಉದ್ದವಿದ್ದರೂ ನಡುವಿನ ಗಟ್ಟಿ ಭಾಗ ಸಾಮಾನ್ಯವಾಗಿ ಕೆಲವೇ ಕಿ.ಮೀ. ಇರುತ್ತದೆ. ಹ್ಯಾಲಿ ಧೂಮಕೇತುವಿನ ಗಟ್ಟಿ ಭಾಗ ಸುಮಾರು 15 ಕಿ.ಮೀ. ಉದ್ದ, 8 ಕಿ.ಮೀ. ಅಗಲ.

ಕ್ಷುದ್ರಗ್ರಹ ಎಂದರೆ ಬಹುಪಾಲು ಕಲ್ಲು ಅಥವಾ ಲೋಹದ ತುಂಡು. ಇದಕ್ಕೆ ಬಾಲವಿಲ್ಲ. ಹೆಚ್ಚಿನವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುತ್ತವೆ.

ಉಲ್ಕೆ ಎಂದರೆ ಇವುಗಳ ಚೂರು ನಮ್ಮ ವಾತಾವರಣಕ್ಕೆ ನುಗ್ಗಿ ಉರಿಯುವಾಗ ಕಾಣುವ ಬೆಳಕಿನ ಗೆರೆ. ಉರಿದು ಉಳಿದ ತುಂಡು ನೆಲಕ್ಕೆ ಬಿದ್ದರೆ ಅದು ಉಲ್ಕಾಶಿಲೆ.

ಉಲ್ಕಾಶಿಲೆ ನಮ್ಮ ನಾಡಿಗೂ ಹೊಸದಲ್ಲ. ಉಲ್ಕಾಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲುಗಳ ಹೆಸರಿದೆ. 2008ರ ಸೆಪ್ಟೆಂಬರ್ 12ರಂದು ಹೊಸೂರಿನ ಪಕ್ಕದ ಶೂಲಗಿರಿಯಲ್ಲಿ ಬಿದ್ದ ಕಲ್ಲು ಸುಮಾರು 110 ಕೆ.ಜಿ. ತೂಗಿತ್ತು. ಇವುಗಳಿಂದ ಪ್ರಳಯವೇನೂ ಆಗಲಿಲ್ಲ. ಬಿದ್ದ ಜಾಗದಲ್ಲಿ ಒಂದು ಗುಂಡಿ, ಊರಿನಲ್ಲಿ ಕೆಲವು ದಿನದ ಮಾತು, ಅಷ್ಟೆ.

ಧೂಮಕೇತುವಿನ ಪೆಟ್ಟು ಏಕೆ ಜೋರು?

ಮಂಜುಗಡ್ಡೆಯ ಗಟ್ಟಿ ಎಂದರೆ ಮೆತ್ತಗಿರುತ್ತದೆ ಎನಿಸಬಹುದು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ರೊಸೆಟ್ಟಾ ನೌಕೆ 67ಪಿ ಎಂಬ ಧೂಮಕೇತುವನ್ನು ಸುತ್ತಿ ಅಳೆದಾಗ ಅದರ ಸಾಂದ್ರತೆ ನೀರಿನ ಅರ್ಧದಷ್ಟು ಮಾತ್ರ ಎಂದು ತಿಳಿಯಿತು. ಅಂದರೆ ನೀರಿನ ಮೇಲೆ ತೇಲುವಷ್ಟು ಹಗುರ.

ಆದರೆ ಪೆಟ್ಟಿನ ಬಲ ಇರುವುದು ವೇಗದಲ್ಲಿ. ಕ್ಷುದ್ರಗ್ರಹಗಳು ಭೂಮಿಗೆ ಬಡಿಯುವ ಸರಾಸರಿ ವೇಗ ಸೆಕೆಂಡಿಗೆ ಸುಮಾರು 20 ಕಿ.ಮೀ. ಸೌರಮಂಡಲದ ಅಂಚಿನಿಂದ ಬರುವ ಧೂಮಕೇತು ಸೆಕೆಂಡಿಗೆ 50 ಕಿ.ಮೀ. ಅಥವಾ ಇನ್ನೂ ಹೆಚ್ಚಿನ ವೇಗದಲ್ಲಿ ಬರಬಹುದು. ಕೊರವಂಗಲದಿಂದ ಹಾಸನಕ್ಕೆ ಸುಮಾರು 10 ಕಿ.ಮೀ. ಈ ದಾರಿಯನ್ನು ಅದು ಒಂದು ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮುಗಿಸುತ್ತದೆ. ವೇಗ ಎರಡೂವರೆ ಪಟ್ಟಾದರೆ ಶಕ್ತಿ ಎರಡೂವರೆ ಪಟ್ಟಲ್ಲ, ಆರು ಪಟ್ಟಿಗಿಂತ ಹೆಚ್ಚು. ಹೈವೇನಲ್ಲಿ ವೇಗ ದ್ವಿಗುಣವಾದರೆ ಅಪಘಾತದ ತೀವ್ರತೆ ನಾಲ್ಕು ಪಟ್ಟಾಗುವ ನಿಯಮವೇ ಇಲ್ಲೂ ಕೆಲಸ ಮಾಡುತ್ತದೆ.

ಯಾವ ಗಾತ್ರಕ್ಕೆ ಯಾವ ಪರಿಣಾಮ?

ಸುಮಾರು 20 ಮೀಟರ್: 2013ರ ಫೆಬ್ರವರಿ 15ರ ಬೆಳಗ್ಗೆ ರಷ್ಯಾದ ಚೆಲ್ಯಾಬಿನ್‌ಸ್ಕ್ ನಗರದ ಬಳಿ ಇಂಥ ಕಲ್ಲೊಂದು ಸುಮಾರು 30 ಕಿ.ಮೀ. ಎತ್ತರದಲ್ಲೇ ಸಿಡಿಯಿತು. ಸುಮಾರು 1500 ಜನ ಗಾಯಗೊಂಡು ಚಿಕಿತ್ಸೆ ಪಡೆದರು. ಯಾರೂ ಸಾಯಲಿಲ್ಲ. ಹೆಚ್ಚಿನ ಗಾಯಗಳಿಗೆ ಕಾರಣ ಒಡೆದ ಕಿಟಕಿ ಗಾಜು. ಇದರಲ್ಲಿ ನಮಗೊಂದು ಪಾಠವಿದೆ, ಅದನ್ನು ಮುಂದೆ ನೋಡೋಣ.

ಸುಮಾರು 50-60 ಮೀಟರ್: 1908ರ ಜೂನ್ 30ರಂದು ಸೈಬೀರಿಯಾದ ತುಂಗುಸ್ಕಾ ಕಾಡಿನ ಮೇಲೆ ಸುಮಾರು ಇಷ್ಟು ದೊಡ್ಡದೊಂದು ಸಿಡಿಯಿತು. ಸುಮಾರು 2150 ಚದರ ಕಿ.ಮೀ. ಕಾಡು ನೆಲಕ್ಕೊರಗಿತು. 65 ಕಿ.ಮೀ. ದೂರದ ವಾನವರಾದಲ್ಲಿ ಜನ ಬಿಸಿಗಾಳಿಯ ಹೊಡೆತಕ್ಕೆ ಉರುಳಿಬಿದ್ದರು. ಅದು ಕ್ಷುದ್ರಗ್ರಹವೋ ಧೂಮಕೇತುವಿನ ತುಂಡೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇದನ್ನು ನಮ್ಮ ನಕ್ಷೆಯ ಮೇಲಿಟ್ಟು ನೋಡಿ. 2150 ಚದರ ಕಿ.ಮೀ. ಎಂದರೆ ಹಾಸನ ಜಿಲ್ಲೆಯ ವಿಸ್ತೀರ್ಣದ ಮೂರನೇ ಒಂದು ಭಾಗಕ್ಕೆ ಹತ್ತಿರ. ಕೊರವಂಗಲದ ಬೂಚೇಶ್ವರ ದೇವಾಲಯವನ್ನು ಕೇಂದ್ರವಾಗಿಟ್ಟು ಸುಮಾರು 26 ಕಿ.ಮೀ. ತ್ರಿಜ್ಯದ ವೃತ್ತ ಎಳೆದರೆ ಹಾಸನ ನಗರ ಅದರೊಳಗೆ ಬರುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅದರ ಹೊರಗೆ ಉಳಿದರೂ ಗಾಜು, ಹೆಂಚು, ಶೀಟುಗಳು ಅಲ್ಲೂ ಉಳಿಯುವುದು ಕಷ್ಟ.

ಸುಮಾರು 500 ಮೀಟರ್: ಇಲ್ಲಿಂದ ಮುಂದೆ ಅದು ಒಂದು ಜಿಲ್ಲೆಯ ಸಮಸ್ಯೆಯಾಗಿ ಉಳಿಯುವುದಿಲ್ಲ. ಇಷ್ಟು ದೊಡ್ಡದಾದ ಬೆನ್ನು ಎಂಬ ಕ್ಷುದ್ರಗ್ರಹ ಬಡಿದರೆ ಹವಾಮಾನ ಏನಾಗುತ್ತದೆ ಎಂದು ದಕ್ಷಿಣ ಕೊರಿಯಾದ ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ಲೆಕ್ಕಹಾಕಿ 2025ರಲ್ಲಿ ಪ್ರಕಟಿಸಿದರು. 10ರಿಂದ 40 ಕೋಟಿ ಟನ್ ದೂಳು ಮೇಲೇರಿದರೆ ಭೂಮಿಯ ಸರಾಸರಿ ಉಷ್ಣತೆ 4 ಡಿಗ್ರಿವರೆಗೆ ಇಳಿಯಬಹುದು, ಮಳೆ ಶೇ 15ರಷ್ಟು ಕಡಿಮೆಯಾಗಬಹುದು ಎಂಬುದು ಅವರ ಲೆಕ್ಕ.

ಸುಮಾರು 1 ಕಿ.ಮೀ.: ಇಷ್ಟು ದೊಡ್ಡ ಧೂಮಕೇತು ಸೆಕೆಂಡಿಗೆ 50 ಕಿ.ಮೀ. ವೇಗದಲ್ಲಿ ಬಡಿದರೆ ಹೊರಬೀಳುವ ಶಕ್ತಿ ಹಿರೋಶಿಮಾ ಬಾಂಬಿನ ಸುಮಾರು 60 ಲಕ್ಷ ಪಟ್ಟು. ಬಿದ್ದ ದೇಶ ನಾಶವಾಗುತ್ತದೆ, ಬೀಳದ ದೇಶಗಳಲ್ಲೂ ಬೆಳೆ ಕೈಕೊಡುತ್ತದೆ.

ಸುಮಾರು 10 ಕಿ.ಮೀ.: 6.6 ಕೋಟಿ ವರ್ಷಗಳ ಹಿಂದೆ ಈಗಿನ ಮೆಕ್ಸಿಕೊದ ಚಿಕ್ಸುಲೂಬ್ ಬಳಿ ಬಡಿದದ್ದು ಈ ಗಾತ್ರದ್ದು. ಸುಮಾರು 180 ಕಿ.ಮೀ. ಅಗಲದ ಕುಳಿಯಾಯಿತು. ಡೈನೋಸಾರ್‌ಗಳೂ ಸೇರಿ ಆಗಿನ ಜೀವಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಳಿದವು (ಇಂದಿನ ಹಕ್ಕಿಗಳ ಪೂರ್ವಜರು ಉಳಿದರು). ಬಡಿದದ್ದು ಧೂಮಕೇತುವೇ ಎಂಬ ವಾದವೂ ಇತ್ತು. ಆದರೆ ಆ ಪದರದಲ್ಲಿರುವ ರುಥೇನಿಯಂ ಲೋಹವನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನ, ಅದು ಇಂಗಾಲ ಹೆಚ್ಚಿರುವ ಕ್ಷುದ್ರಗ್ರಹ ಎಂದು ಹೇಳುತ್ತದೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ನಮ್ಮಲ್ಲೂ ಭಾರೀ ಜ್ವಾಲಾಮುಖಿಗಳು ಉಕ್ಕುತ್ತಿದ್ದವು. ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಬಂಡೆಗಳು ಆ ಲಾವಾ ಆರಿ ಆದವು. ಅಳಿವಿನಲ್ಲಿ ಜ್ವಾಲಾಮುಖಿಗಳ ಪಾಲೆಷ್ಟು ಎಂಬುದು ಈಗಲೂ ಚರ್ಚೆಯ ವಿಷಯ.

ದೊಡ್ಡದೊಂದು ಬಡಿದರೆ ಏನೇನು, ಯಾವ ಕ್ರಮದಲ್ಲಿ?

ಮೊದಲ ಸೆಕೆಂಡುಗಳು: ಕಣ್ಣು ಕೋರೈಸುವ ಬೆಳಕು ಮತ್ತು ಶಾಖ. ಹತ್ತಿರದಲ್ಲಿರುವುದೆಲ್ಲ ಹೊತ್ತಿಕೊಳ್ಳುತ್ತದೆ. ಬಡಿದ ಜಾಗದ ಬಂಡೆ ಕರಗಿ, ಆವಿಯಾಗಿ ಮೇಲೇಳುತ್ತದೆ.

ಮೊದಲ ನಿಮಿಷಗಳು: ಗಾಳಿಯ ಒತ್ತಡದ ಅಲೆ ಕಟ್ಟಡಗಳನ್ನು ಕೆಡವುತ್ತಾ ಸಾಗುತ್ತದೆ. ನೆಲ ಭೂಕಂಪದಂತೆ ನಡುಗುತ್ತದೆ.

ಮೊದಲ ಗಂಟೆಗಳು: ಭೂಮಿಯ ಮುಕ್ಕಾಲು ಪಾಲಿಗೆ ಹತ್ತಿರ ಸಮುದ್ರವೇ ಇರುವುದರಿಂದ ಅಲ್ಲಿ ಬೀಳುವ ಸಾಧ್ಯತೆಯೇ ಹೆಚ್ಚು. ಹಾಗಾದರೆ ಸುನಾಮಿ ಏಳುತ್ತದೆ. ಮೇಲೆ ಚಿಮ್ಮಿದ ಕಲ್ಲಿನ ಚೂರುಗಳು ದೂರದೂರದಲ್ಲಿ ಮತ್ತೆ ಭೂಮಿಗೆ ಬೀಳುತ್ತಾ ಉರಿಯುತ್ತವೆ.

ಮುಂದಿನ ತಿಂಗಳು, ವರ್ಷಗಳು: ಅತಿ ಹೆಚ್ಚು ಜೀವಹಾನಿ ಆಗುವುದು ಈ ಹಂತದಲ್ಲಿ. ದೂಳು, ಮಸಿ, ಗಂಧಕದ ಸಂಯುಕ್ತಗಳು ವಾತಾವರಣದ ಮೇಲ್ಪದರ ಸೇರಿ ಬಿಸಿಲನ್ನು ತಡೆಯುತ್ತವೆ. ನೆಲ ತಣ್ಣಗಾಗುತ್ತದೆ, ಗಿಡಗಳು ಆಹಾರ ತಯಾರಿಸುವುದು ಕುಗ್ಗುತ್ತದೆ. ನೆಲ ಕಾಯದಿದ್ದರೆ ಮುಂಗಾರು ದುರ್ಬಲವಾಗುತ್ತದೆ. ಮುಂಗಾರು ಹೋದರೆ ಹೇಮಾವತಿಯಲ್ಲಿ ನೀರಿಲ್ಲ, ಹಾಸನದ ಆಲೂಗಡ್ಡೆ ಇಲ್ಲ, ರಾಗಿ ಇಲ್ಲ. ಎಲ್ಲೋ ಅಟ್ಲಾಂಟಿಕ್ ಸಾಗರದಲ್ಲಿ ಬಿದ್ದ ಧೂಮಕೇತು ನಮ್ಮ ಊಟದ ತಟ್ಟೆಗೆ ತಲುಪುವುದು ಹೀಗೆ. ಇದು ಬರೀ ಊಹೆಯಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಗಂಧಕದ ಮೋಡ ಮೇಲೇರಿದಾಗ ಮರುವರ್ಷ ಯುರೋಪ್, ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲ, ಭಾರತದ ಮುಂಗಾರೂ ಏರುಪೇರಾಯಿತು.

ಭೂಮಿ ಒಡೆದುಹೋಗುತ್ತದೆ, ಕಕ್ಷೆ ತಪ್ಪಿ ಸೂರ್ಯನೊಳಗೆ ಬೀಳುತ್ತದೆ ಎಂಬ ವಿಡಿಯೊಗಳನ್ನು ಮಾತ್ರ ನಂಬಬೇಡಿ. ಡೈನೋಸಾರ್‌ಗಳನ್ನು ಅಳಿಸಿದ ಕಲ್ಲಿನ ತೂಕವೂ ಭೂಮಿಯ ತೂಕದ ಸುಮಾರು 600 ಕೋಟಿಯಲ್ಲಿ ಒಂದು ಪಾಲು. ಲಾರಿಗೆ ಸೊಳ್ಳೆ ಬಡಿದಷ್ಟೂ ಅಲ್ಲ. ಅಪಾಯ ಇರುವುದು ಭೂಮಿಗಲ್ಲ, ಅದರ ಮೇಲ್ಮೈಯಲ್ಲಿ ಬದುಕುವ ನಮಗೆ.

ಧೂಮಕೇತು ಗ್ರಹಕ್ಕೆ ಬಡಿದದ್ದನ್ನು ಯಾರಾದರೂ ನೋಡಿದ್ದಾರೆಯೇ?

ನೋಡಿದ್ದಾರೆ. ಶೂಮೇಕರ್-ಲೆವಿ 9 ಎಂಬ ಧೂಮಕೇತುವನ್ನು 1993ರ ಮಾರ್ಚ್‌ನಲ್ಲಿ ಪತ್ತೆ ಹಚ್ಚಲಾಯಿತು. ಅದು ಆಗಲೇ ಗುರು ಗ್ರಹದ ಸೆಳೆತಕ್ಕೆ ಸಿಕ್ಕಿ ಚೂರುಚೂರಾಗಿತ್ತು. 1994ರ ಜುಲೈ 16ರಿಂದ 22ರವರೆಗೆ ಅದರ 21 ತುಂಡುಗಳು ಸೆಕೆಂಡಿಗೆ ಸುಮಾರು 60 ಕಿ.ಮೀ. ವೇಗದಲ್ಲಿ ಒಂದಾದ ಮೇಲೊಂದು ಗುರುವಿಗೆ ಬಡಿದವು. ದೊಡ್ಡ ತುಂಡೊಂದು ಬಡಿದಲ್ಲಿ ಹೆಚ್ಚುಕಡಿಮೆ ಭೂಮಿಯಷ್ಟೇ ಅಗಲದ ಕಪ್ಪು ಕಲೆ ಮೂಡಿತು. ಸಣ್ಣ ದೂರದರ್ಶಕಗಳಲ್ಲೂ ಅದು ಕಾಣುತ್ತಿತ್ತು. ಧೂಮಕೇತು ಬಡಿತ ಎಂಬುದು ಹಳೆಯ ಕಾಲದ ಕಥೆಯಲ್ಲ, ಅದರ ಮೇಲೆ ಕಣ್ಣಿಡಬೇಕು ಎಂದು ಸರ್ಕಾರಗಳು ಗಂಭೀರವಾಗಿ ಯೋಚಿಸಿದ್ದು ಇದಾದ ಮೇಲೆ.

ಬೆಂಗಳೂರಿಗೂ ಇಂಥ ಅನುಭವ ಇದೆ. 2013ರ ಜನವರಿಯಲ್ಲಿ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯದಲ್ಲಿ ಒಂದು ಧೂಮಕೇತು ಪತ್ತೆಯಾಯಿತು. ಅದು ಮಂಗಳ ಗ್ರಹಕ್ಕೆ ಬಡಿಯಬಹುದು ಎಂದು ಮೊದಲ ಲೆಕ್ಕಗಳು ಹೇಳಿದವು. ಹೆಚ್ಚು ಮಾಹಿತಿ ಸಿಕ್ಕಂತೆ ಬಡಿಯುವುದಿಲ್ಲ, ತೀರಾ ಹತ್ತಿರದಿಂದ ಹಾದುಹೋಗುತ್ತದೆ ಎಂದು ಖಚಿತವಾಯಿತು. ಅಷ್ಟರಲ್ಲಿ, 2014ರ ಸೆಪ್ಟೆಂಬರ್ 24ರಂದು, ನಮ್ಮ ಮಂಗಳಯಾನ ಮಂಗಳದ ಕಕ್ಷೆ ಸೇರಿತ್ತು. ಕಕ್ಷೆ ಸೇರಿ ಒಂದು ತಿಂಗಳು ಆಗುವ ಮೊದಲೇ, ಅಕ್ಟೋಬರ್ 19ರಂದು, ಆ ಧೂಮಕೇತು ಮಂಗಳದಿಂದ ಸುಮಾರು 1.4 ಲಕ್ಷ ಕಿ.ಮೀ. ದೂರದಲ್ಲಿ ಹಾದುಹೋಯಿತು. ಭೂಮಿಗೂ ಚಂದ್ರನಿಗೂ ಇರುವ ಅಂತರದ ಅರ್ಧಕ್ಕಿಂತ ಕಡಿಮೆ! ಬಾಲದ ದೂಳಿನ ಕಣಗಳು ನೌಕೆಗೆ ಬಡಿಯದಂತೆ ಬೆಂಗಳೂರಿನ ಪೀಣ್ಯದ ಇಸ್ರೊ ಕೇಂದ್ರದ ವಿಜ್ಞಾನಿಗಳು, ಬ್ಯಾಲಾಳಿನ ದೊಡ್ಡ ಆಂಟೆನಾದ ನೆರವಿನಿಂದ, ಆ ಹೊತ್ತಿಗೆ ನೌಕೆ ಮಂಗಳದ ಮರೆಯಲ್ಲಿರುವಂತೆ ಮೊದಲೇ ಹೊಂದಿಸಿದ್ದರು. ನೌಕೆ ಸುರಕ್ಷಿತವಾಗಿ ಉಳಿಯಿತು.

ಈ ಘಟನೆಯಲ್ಲಿ ಇನ್ನೊಂದು ವಿಷಯ ಗಮನಿಸಿ. ಪತ್ತೆಯಾದ ದಿನದಿಂದ ಹಾದುಹೋದ ದಿನಕ್ಕೆ ಇದ್ದ ಸಮಯ ಬರೀ 22 ತಿಂಗಳು. ದೂರದಿಂದ ಬರುವ ಧೂಮಕೇತುಗಳ ವಿಷಯದಲ್ಲಿ ವಿಜ್ಞಾನಿಗಳಿಗಿರುವ ನಿಜವಾದ ಚಿಂತೆ ಇದೇ. ಕ್ಷುದ್ರಗ್ರಹಗಳು ಮತ್ತೆ ಮತ್ತೆ ನಮ್ಮ ಸಮೀಪ ಸುತ್ತುವುದರಿಂದ ದಶಕಗಳ ಮೊದಲೇ ಲೆಕ್ಕ ಹಾಕಬಹುದು. ಮೊದಲ ಸಲ ಬರುತ್ತಿರುವ ಧೂಮಕೇತು ತಿಂಗಳುಗಳ ಅಥವಾ ಒಂದೆರಡು ವರ್ಷಗಳ ಮುನ್ಸೂಚನೆ ಮಾತ್ರ ಕೊಡಬಹುದು.

ಹಾಗಾದರೆ ಸಾಧ್ಯತೆ ಎಷ್ಟು?

20 ಮೀಟರ್‌ನ ಕಲ್ಲು ಭೂಮಿಯ ಎಲ್ಲಾದರೂ ಒಂದೆಡೆ 50ರಿಂದ 100 ವರ್ಷಕ್ಕೊಮ್ಮೆ, ತುಂಗುಸ್ಕಾ ಗಾತ್ರದ್ದು ಸುಮಾರು ಸಾವಿರ ವರ್ಷಕ್ಕೊಮ್ಮೆ, 140 ಮೀಟರ್‌ನದು ಸುಮಾರು 20 ಸಾವಿರ ವರ್ಷಕ್ಕೊಮ್ಮೆ, 1 ಕಿ.ಮೀ. ಗಾತ್ರದ್ದು ಹಲವು ಲಕ್ಷ ವರ್ಷಕ್ಕೊಮ್ಮೆ, 10 ಕಿ.ಮೀ. ಗಾತ್ರದ್ದು ಸುಮಾರು 10 ಕೋಟಿ ವರ್ಷಕ್ಕೊಮ್ಮೆ ಬೀಳಬಹುದು. ಇವೆಲ್ಲ ಸರಾಸರಿ ಅಂದಾಜುಗಳು. ಇದರಲ್ಲಿ ಹೆಚ್ಚಿನ ಪಾಲು ಕ್ಷುದ್ರಗ್ರಹಗಳದ್ದು, ಧೂಮಕೇತುಗಳ ಪಾಲು ತೀರಾ ಸಣ್ಣದು. ಭೂಮಿಯ ಸಮೀಪ ಬರುವ 40 ಸಾವಿರಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಪತ್ತೆಯಾಗಿದ್ದರೆ, ಸಮೀಪ ಬರುವ ಧೂಮಕೇತುಗಳ ಸಂಖ್ಯೆ ನೂರಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ.

ಇದನ್ನೂ ನಮ್ಮೂರಿನ ಲೆಕ್ಕಕ್ಕೆ ತರೋಣ. ಬೂಚೇಶ್ವರ ದೇವಾಲಯ ಕಟ್ಟಿದ್ದು 1173ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೇರಿದ ಸಮಯದಲ್ಲಿ. ಅದಕ್ಕೆ ಈಗ 850 ವರ್ಷ ದಾಟಿದೆ. ಅಷ್ಟು ಕಾಲದಲ್ಲಿ ಇಡೀ ಭೂಮಿಗೆ ಸರಾಸರಿ ಒಂದು ತುಂಗುಸ್ಕಾ ಬರಬಹುದಿತ್ತು. ಬಂತು, ಸೈಬೀರಿಯಾಕ್ಕೆ. ತುಂಗುಸ್ಕಾದಲ್ಲಿ ಹಾಳಾದ ಪ್ರದೇಶ ಭೂಮಿಯ ಮೇಲ್ಮೈಯ ಸುಮಾರು 2.4 ಲಕ್ಷದಲ್ಲಿ ಒಂದು ಪಾಲು. ಅಂದರೆ ಕೊರವಂಗಲದಂಥ ಒಂದು ನಿರ್ದಿಷ್ಟ ಊರು ಅಂಥ ವೃತ್ತದೊಳಗೆ ಸಿಲುಕುವುದು ಸರಾಸರಿ 24 ಕೋಟಿ ವರ್ಷಕ್ಕೊಮ್ಮೆ. ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಹಾಸನಕ್ಕೆ ಹೋಗಿಬರುವುದು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಅಪಾಯ.

ಯಾರು ಕಣ್ಣಿಟ್ಟಿದ್ದಾರೆ? ತಡೆಯಬಹುದೇ?

ಜಗತ್ತಿನ ಹಲವು ದೂರದರ್ಶಕಗಳು ಪ್ರತಿ ರಾತ್ರಿ ಆಕಾಶ ಶೋಧಿಸುತ್ತವೆ. 1 ಕಿ.ಮೀ.ಗಿಂತ ದೊಡ್ಡದಾದ, ಭೂಮಿಯ ಸಮೀಪ ಬರುವ ಕ್ಷುದ್ರಗ್ರಹಗಳಲ್ಲಿ ಶೇ 95ರಷ್ಟು ಈಗಾಗಲೇ ಪತ್ತೆಯಾಗಿವೆ. 140 ಮೀಟರ್‌ಗಿಂತ ದೊಡ್ಡವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಸಿಕ್ಕಿಲ್ಲ. ಕೆಲಸ ಬಾಕಿ ಇರುವುದು ಇಲ್ಲಿ.

ಈ ಹುಡುಕಾಟದಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ವೇಣು ಬಾಪು 1949ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಒಂದು ಧೂಮಕೇತು ಪತ್ತೆ ಹಚ್ಚಿದ್ದರು. ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಎಂದೇ ಹೆಸರು. ಇದೇ ಸಂಸ್ಥೆಯ ಕಾವಲೂರು ವೀಕ್ಷಣಾಲಯದಲ್ಲಿ 1988ರಲ್ಲಿ ಆರ್. ರಾಜಮೋಹನ್ ಪತ್ತೆ ಹಚ್ಚಿದ ಕ್ಷುದ್ರಗ್ರಹಕ್ಕೆ ಗಣಿತಜ್ಞ ರಾಮಾನುಜನ್ ಅವರ ಹೆಸರಿಡಲಾಗಿದೆ.

ತಡೆಯುವ ಪ್ರಯೋಗವೂ ನಡೆದಿದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಸುಮಾರು 160 ಮೀಟರ್ ಗಾತ್ರದ ಡೈಮಾರ್ಫಸ್‌ಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಅದು ತನ್ನ ಜೊತೆಗಾರನನ್ನು ಸುತ್ತುವ ಅವಧಿ ಅರ್ಧ ಗಂಟೆಗಿಂತ ಹೆಚ್ಚು ಕಡಿಮೆಯಾಯಿತು. ಅಂದರೆ ಇಂಥ ಕಾಯವನ್ನು ಸ್ವಲ್ಪ ಪಕ್ಕಕ್ಕೆ ತಳ್ಳುವುದು ಸಾಧ್ಯ, ಆದರೆ ವರ್ಷಗಳ ಮೊದಲೇ ಗೊತ್ತಿರಬೇಕು. ಹಲವು ಕಿ.ಮೀ. ಗಾತ್ರದ ಧೂಮಕೇತುವೊಂದು ಒಂದೇ ವರ್ಷದ ಮುನ್ಸೂಚನೆ ಕೊಟ್ಟು ಬಂದರೆ ಅದನ್ನು ತಡೆಯುವ ಸಿದ್ಧತೆ ಇಂದು ಜಗತ್ತಿನ ಬಳಿ ಇಲ್ಲ. ಇದನ್ನು ಮರೆಮಾಚುವ ಅಗತ್ಯವಿಲ್ಲ. ಅಂಥದ್ದು ಅತಿ ಅಪರೂಪ ಎಂಬುದೂ ಅಷ್ಟೇ ನಿಜ.

ಗ್ರೂಪುಗಳಲ್ಲಿ ಸುತ್ತುವ ಕೆಲವು ಮಾತುಗಳು

"ನಾಸಾ ಮುಚ್ಚಿಟ್ಟಿದೆ." ತಪ್ಪು. 2024ರ ಡಿಸೆಂಬರ್ 27ರಂದು ಪತ್ತೆಯಾದ 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಇದೆ ಎಂದು ನಾಸಾ ಮತ್ತು ಐರೋಪ್ಯ ಸಂಸ್ಥೆ ತಾವಾಗಿಯೇ ಹೇಳಿದವು. ಬೀಳಬಹುದಾದ ಪಟ್ಟಿಯಲ್ಲಿ ದಕ್ಷಿಣ ಏಷ್ಯಾವೂ ಇತ್ತು. 2025ರ ಫೆಬ್ರವರಿ 18ರಂದು ಸಾಧ್ಯತೆ ಶೇ 3.1ಕ್ಕೆ ಏರಿತು, ಅದನ್ನೂ ಪ್ರಕಟಿಸಿದರು. ಒಂದು ವಾರದಲ್ಲಿ ಅದು ಸೊನ್ನೆಗೆ ಹತ್ತಿರ ಬಂತು.

ಏರಿದ್ದು ಇಳಿದದ್ದು ಹೇಗೆ? ನೂರು ಚೀಟಿಗಳ ಲಕ್ಕಿ ಡ್ರಾದಲ್ಲಿ ನಿಮ್ಮದೊಂದು ಚೀಟಿ ಇದೆ ಎಂದುಕೊಳ್ಳಿ. ಬೇರೆಯವರ 68 ಚೀಟಿ ತೆಗೆದುಹಾಕಿದಾಗ ನಿಮ್ಮ ಅವಕಾಶ 32ರಲ್ಲಿ ಒಂದಕ್ಕೆ, ಅಂದರೆ ಸುಮಾರು ಶೇ 3ಕ್ಕೆ ಏರುತ್ತದೆ. ಮರುಸುತ್ತಿನಲ್ಲಿ ನಿಮ್ಮ ಚೀಟಿಯೇ ಹೊರಹೋದರೆ ಸೊನ್ನೆ. ಹೊಸ ಮಾಹಿತಿ ಬಂದಂತೆ ಕಾಯದ ದಾರಿ ಕಿರಿದಾಗುತ್ತಾ ಹೋಗುವುದು ಹೀಗೆ. ಮಧ್ಯದ ಏರಿಕೆಯ ಸ್ಕ್ರೀನ್‌ಶಾಟ್ ಮಾತ್ರ ಗ್ರೂಪುಗಳಲ್ಲಿ ಉಳಿದುಬಿಡುತ್ತದೆ.

"ಬಾಲದ ವಿಷಾನಿಲದಿಂದ ಸಾಯುತ್ತೇವೆ." ಇದಕ್ಕೆ ನೂರಕ್ಕೂ ಹೆಚ್ಚು ವರ್ಷದ ಇತಿಹಾಸವಿದೆ. 1910ರಲ್ಲಿ ಹ್ಯಾಲಿಯ ಬಾಲದಲ್ಲಿ ಸಯನೋಜೆನ್ ಎಂಬ ವಿಷಾನಿಲ ಕಂಡುಬಂದಿತ್ತು. ಭೂಮಿ ಆ ಬಾಲವನ್ನು ಹಾದುಹೋಗಲಿದೆ ಎಂಬ ಸುದ್ದಿ ಹಬ್ಬಿ ಪಾಶ್ಚಾತ್ಯ ದೇಶಗಳಲ್ಲಿ ಧೂಮಕೇತು ಗುಳಿಗೆಗಳನ್ನೂ ಮಾರಿದರು. ಮೇ 18-19ರಂದು ಭೂಮಿ ಬಾಲದ ಪ್ರದೇಶ ದಾಟಿತು, ಯಾರಿಗೂ ಏನೂ ಆಗಲಿಲ್ಲ. ಬಾಲ ಅಷ್ಟು ತೆಳು. ಹ್ಯಾಲಿ 1986ರಲ್ಲಿ ಮತ್ತೆ ಬಂದು ಹೋಯಿತು, 2061ರಲ್ಲಿ ಮತ್ತೆ ಬರುತ್ತದೆ.

"3ಐ/ಅಟ್ಲಾಸ್ ಭೂಮಿಗೆ ಬಡಿಯುತ್ತದೆ." 2025ರ ಜುಲೈ 1ರಂದು ಪತ್ತೆಯಾದ ಈ ಧೂಮಕೇತು ಬೇರೆ ನಕ್ಷತ್ರಲೋಕದಿಂದ ಬಂದದ್ದು. ಡಿಸೆಂಬರ್ 19ರಂದು ಭೂಮಿಗೆ ಅತಿ ಸಮೀಪ ಬಂದಾಗಲೂ ಸುಮಾರು 27 ಕೋಟಿ ಕಿ.ಮೀ. ದೂರದಲ್ಲಿತ್ತು. ಅದು ನಮಗೂ ಸೂರ್ಯನಿಗೂ ಇರುವ ದೂರದ ಹತ್ತಿರಹತ್ತಿರ ಎರಡು ಪಟ್ಟು.

"2126ರಲ್ಲಿ ಪ್ರಳಯ." ಸ್ವಿಫ್ಟ್-ಟಟಲ್ ಎಂಬ ಸುಮಾರು 26 ಕಿ.ಮೀ. ಗಾತ್ರದ ಧೂಮಕೇತು ಆ ವರ್ಷ ಬರುತ್ತದೆ. ಬಡಿಯಬಹುದು ಎಂಬ ಎಚ್ಚರಿಕೆ 1992ರಲ್ಲಿ ನಿಜಕ್ಕೂ ಹೊರಬಿದ್ದಿತ್ತು. ಹಳೆಯ ದಾಖಲೆಗಳನ್ನು ಸೇರಿಸಿ ಮತ್ತೆ ಲೆಕ್ಕ ಹಾಕಿದಾಗ ಅಪಾಯವಿಲ್ಲ ಎಂದು ತಿಳಿಯಿತು.

"ಉಲ್ಕೆ ಬಿದ್ದು ತಮಿಳುನಾಡಿನಲ್ಲಿ ಸಾವು." 2016ರ ಫೆಬ್ರವರಿಯಲ್ಲಿ ಆಗಿನ ವೆಲ್ಲೂರು ಜಿಲ್ಲೆಯ ಕಾಲೇಜೊಂದರ ಆವರಣದಲ್ಲಿ ಸ್ಫೋಟವಾಗಿ ಬಸ್ ಚಾಲಕರೊಬ್ಬರು ತೀರಿಕೊಂಡರು. ಉಲ್ಕೆಯೇ ಕಾರಣ ಎಂದು ಸುದ್ದಿಯಾಯಿತು. ಚಿತ್ರಗಳನ್ನು ನೋಡಿದ ನಾಸಾ ತಜ್ಞರು ಇದು ನೆಲದ ಮೇಲಿನ ಸ್ಫೋಟದಂತಿದೆ ಎಂದರು. ಉಲ್ಕೆಯಿಂದಾದ ಸಾವು ಎಂದು ಅದು ದೃಢಪಡಲಿಲ್ಲ.

ಮುಂದೆ ಬರಲಿರುವ ಫಾರ್ವರ್ಡ್: ಅಪೊಫಿಸ್

2029ರ ಏಪ್ರಿಲ್‌ಗೆ ಈಗಲೇ ಸಿದ್ಧರಾಗಿರಿ. ಸುಮಾರು 350 ಮೀಟರ್ ಗಾತ್ರದ ಅಪೊಫಿಸ್ ಎಂಬ ಕ್ಷುದ್ರಗ್ರಹ, ಭಾರತೀಯ ಕಾಲಮಾನದಂತೆ ಏಪ್ರಿಲ್ 14ರ ನಸುಕಿನಲ್ಲಿ, ಭೂಮಿಯ ಮೇಲ್ಮೈಯಿಂದ ಸುಮಾರು 32 ಸಾವಿರ ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಹಾಸನದಲ್ಲಿರುವ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರ 1980ರ ದಶಕದಿಂದ ನೋಡಿಕೊಳ್ಳುತ್ತಿರುವ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ. ಅಂದರೆ ನಮ್ಮ ಟಿವಿ ಉಪಗ್ರಹಗಳಿಗಿಂತ ಒಳಗೆ ಅದು ಬಂದು ಹೋಗುತ್ತದೆ. ಆದರೆ ಬಡಿಯುವುದಿಲ್ಲ. 2021ರಲ್ಲಿ ರೇಡಾರ್ ಮೂಲಕ ಅಳೆದ ಮೇಲೆ ಮುಂದಿನ 100 ವರ್ಷ ಇದರಿಂದ ಅಪಾಯವಿಲ್ಲ ಎಂದು ನಾಸಾ ಹೇಳಿದೆ. ಆ ತಿಂಗಳು "ಉಪಗ್ರಹಕ್ಕಿಂತ ಹತ್ತಿರ" ಎಂಬ ನಿಜದ ಜೊತೆ "ಹಾಗಾಗಿ ಪ್ರಳಯ" ಎಂಬ ಸುಳ್ಳು ಸೇರಿಕೊಂಡು ಬರುತ್ತದೆ. ಎರಡನ್ನೂ ಬೇರೆ ಮಾಡಿ ಓದಿ.

ಸಂದೇಶ ಬಂದಾಗ ಏನು ನೋಡಬೇಕು?

1. ಆ ಕಾಯದ ಹೆಸರಿದೆಯೇ? ನಿಜವಾದ ಪ್ರತಿ ಧೂಮಕೇತು, ಕ್ಷುದ್ರಗ್ರಹಕ್ಕೂ ಹೆಸರು ಅಥವಾ ಸಂಖ್ಯೆ ಇರುತ್ತದೆ. "ಒಂದು ದೊಡ್ಡ ಧೂಮಕೇತು" ಎಂದಷ್ಟೇ ಇದ್ದರೆ ಅನುಮಾನಿಸಿ.
2. ದೂರ ಎಷ್ಟು? "ಅತಿ ಸಮೀಪ" ಎಂಬುದು ಖಗೋಳ ವಿಜ್ಞಾನದಲ್ಲಿ ಲಕ್ಷಾಂತರ ಕಿ.ಮೀ. ಆಗಿರಬಹುದು. ಚಂದ್ರನ ದೂರ 3.84 ಲಕ್ಷ ಕಿ.ಮೀ. ಎಂಬುದನ್ನು ನೆನಪಿಟ್ಟು ಹೋಲಿಸಿ.
3. ಯಾವ ವರ್ಷದ್ದು? ದಿನಾಂಕವಿದ್ದು ವರ್ಷವಿಲ್ಲದಿದ್ದರೆ ಅದು ಹಳೆಯ ಸಂದೇಶ. "ಇಂದು ರಾತ್ರಿ ಕಾಸ್ಮಿಕ್ ಕಿರಣ ಬರುತ್ತದೆ, ಫೋನ್ ಆಫ್ ಮಾಡಿ" ಎಂಬ ಸಂದೇಶ ವರ್ಷಗಟ್ಟಲೆ ಸುತ್ತುತ್ತಿರುವುದು ಹೀಗೆಯೇ.
4. ಹೇಳಿದವರು ಯಾರು? ನಾಸಾ, ಐರೋಪ್ಯ ಸಂಸ್ಥೆ, ಇಸ್ರೊ ತಮ್ಮ ಜಾಲತಾಣದಲ್ಲಿ ಹೇಳಿವೆಯೇ ನೋಡಿ. "ಒಬ್ಬ ವಿಜ್ಞಾನಿ ಹೇಳಿದ್ದಾರೆ" ಸಾಲದು.
5. "ಹತ್ತು ಜನಕ್ಕೆ ಕಳಿಸಿ" ಎಂದಿದೆಯೇ? ವಿಜ್ಞಾನ ಸಂಸ್ಥೆಗಳು ಹಾಗೆ ಕೇಳುವುದಿಲ್ಲ.

ನಿಜವಾಗಿ ನೆನಪಿಡಬೇಕಾದ ಒಂದು ಮಾತು

ನಮ್ಮ ಜೀವಮಾನದಲ್ಲಿ ಕಾಣಸಿಗಬಹುದಾದದ್ದು ಚೆಲ್ಯಾಬಿನ್‌ಸ್ಕ್‌ನಂಥ ಸಣ್ಣ ಘಟನೆ. ಅಲ್ಲಿ ಮೊದಲು ಬೆಳಕು ಕಾಣಿಸಿತು. "ಏನದು?" ಎಂದು ಜನ ಕಿಟಕಿಗೆ ಬಂದು ನಿಂತರು. ಶಬ್ದ ಬೆಳಕಿಗಿಂತ ನಿಧಾನ, ಆದ್ದರಿಂದ ಒತ್ತಡದ ಅಲೆ ನಗರ ತಲುಪಲು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಿತು. ಅದು ಬಂದಾಗ ನೋಡುತ್ತಿದ್ದವರ ಮುಖಕ್ಕೇ ಗಾಜು ಚಿಮ್ಮಿತು. ಹಾಗಾಗಿ ಹಗಲನ್ನೂ ಮೀರಿಸುವ ಬೆಳಕೊಂದು ಆಕಾಶದಲ್ಲಿ ಹಾದುಹೋದರೆ ಅದನ್ನು ದಿಟ್ಟಿಸಬೇಡಿ, ವಿಡಿಯೊ ಮಾಡಲು ಕಿಟಕಿಗೆ ಓಡಬೇಡಿ. ಗಾಜಿನಿಂದ ದೂರ ಸರಿಯಿರಿ, ಮಕ್ಕಳನ್ನು ಗೋಡೆಯ ಮರೆಗೆ ಕರೆದುಕೊಳ್ಳಿ, ಕೆಲವು ನಿಮಿಷ ಅಲ್ಲೇ ಇರಿ. ಪಟಾಕಿ ಕಾರ್ಖಾನೆಯ ಸ್ಫೋಟಕ್ಕೂ ಗ್ಯಾಸ್ ಸ್ಫೋಟಕ್ಕೂ ಇದೇ ಮಾತು ಉಪಯೋಗಕ್ಕೆ ಬರುತ್ತದೆ.

ಆ ಹುಡುಗನಿಗೆ ಕೊನೆಗೆ ಕಳಿಸಿದ ಉತ್ತರ ಹೀಗಿತ್ತು: "ಇಲ್ಲ, ಸಾಯಲ್ಲ. ಧೂಮಕೇತು ಬಡಿಯೋದು ನಿಜ, ಆದರೆ ಅದು ತೀರಾ ಅಪರೂಪ. ಈಗ ಯಾವುದೂ ಬರ್ತಾ ಇಲ್ಲ. ಪ್ರತಿ ರಾತ್ರಿ ನೋಡ್ತಾ ಕೂತಿರೋ ಜನ ಇದ್ದಾರೆ, ಬೆಂಗಳೂರಲ್ಲೂ ಇದ್ದಾರೆ." ಅವನು ಮರುಪ್ರಶ್ನೆ ಕಳಿಸಿದ: "ಆ ಕೆಲಸ ಸಿಗೋಕೆ ಏನು ಓದ್ಬೇಕು?"